ಗೋವಾದಲ್ಲಿ ಕಾಡಿನ ಕತೆಗಳ ಹಳೆಯ ಪ್ರತಿಗಳು

ಹುಬ್ಬಳ್ಳಿ, ಬೆಳಗಾವಿಗಳಿಂದ ಬರುವ ಬಸ್ಸುಗಳು ಪಣಜಿಯಲ್ಲಿ ನಿಲ್ಲುವ ತಾಣಕ್ಕೆ ಕದಂಬ ನಿಲ್ದಾಣವೆಂದು ಹೆಸರು. ಒಂದು ಕಾಲದಲ್ಲಿ ಗೋವಾವನ್ನು ಆಳಿದ ಕದಂಬರ ನೆನಪು ಆ ಹೆಸರಿನಲ್ಲಿ ಉಳಿದುಬಂದಿದೆ. ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ, ಪಾಟ್ಟೊ ಬಡಾವಣೆಯಲ್ಲಿ, ಕೃಷ್ಣದಾಸ ಶಾಮಾ ಗೋವಾ ರಾಜ್ಯ ಕೇಂದ್ರ ಗ್ರಂಥಾಲಯದ ಬಹು ಅಂತಸ್ತಿನ ಕಟ್ಟಡವಿದೆ. 1832ರಲ್ಲಿ ಪೋರ್ಚುಗೀಸ್ ಆಡಳಿತವು ತೆರೆದ ಸಾರ್ವಜನಿಕ ಗ್ರಂಥಾಲಯವೇ ಹಲವು ಹೆಸರುಗಳನ್ನೂ ಹಲವು ಕಟ್ಟಡಗಳನ್ನೂ ದಾಟಿ ಇಂದು ಇಲ್ಲಿ ನೆಲೆನಿಂತಿದೆ. ಮಕ್ಕಳಿಗೆಂದೇ ಒಂದು ವಿಭಾಗ, ಗೋವಾದ ಇತಿಹಾಸಕ್ಕೆ ಮತ್ತು ಅಪರೂಪದ ಪೋರ್ಚುಗೀಸ್ ಗ್ರಂಥಗಳಿಗೆ ಇನ್ನೊಂದು ವಿಭಾಗ ಇಲ್ಲಿವೆ. ಹಳೆಯ ಪುಸ್ತಕಗಳ ಬೆನ್ನು ಹತ್ತಿದವರಿಗೆ ಗೋವಾದ ಪ್ರವಾಸವು ಸಹಜವಾಗಿಯೇ ಇಲ್ಲಿಂದ ಆರಂಭವಾಗುತ್ತದೆ.

ಪುಸ್ತಕಕ್ಕೂ ಈ ನೆಲಕ್ಕೂ ಇರುವ ನಂಟು ಗ್ರಂಥಾಲಯಕ್ಕಿಂತ ಬಹಳ ಹಿಂದಿನದು. 1556ರಲ್ಲಿ ಹಳೆಯ ಗೋವಾದ ಸಂತ ಪೌಲರ ವಿದ್ಯಾಲಯದಲ್ಲಿ ಭಾರತದ ಮೊದಲ ಮುದ್ರಣಯಂತ್ರವು ಕೆಲಸಕ್ಕೆ ತೊಡಗಿತು. 1563ರಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯನು ಭಾರತದ ಗಿಡಮೂಲಿಕೆಗಳನ್ನೂ ಔಷಧಗಳನ್ನೂ ಕುರಿತು ಬರೆದ ಗ್ರಂಥವು ಗೋವಾದಲ್ಲಿಯೇ ಅಚ್ಚಾಯಿತು. ನಮ್ಮ ಕಾಡುಮೇಡುಗಳಲ್ಲಿ ಬೆಳೆಯುವುದನ್ನು ಅಚ್ಚಿನ ಪುಟಕ್ಕೆ ತಂದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಅಂತಹ ಗ್ರಂಥಗಳು ಸಾಮಾನ್ಯರ ಕೈಗೆ ಎಟುಕುವಂಥವಲ್ಲ. ಆದರೆ ಅವುಗಳಿಗಿಂತ ಮೂರು ನಾಲ್ಕು ಶತಮಾನ ಈಚಿನ, ಎಳೆಯರೂ ದೊಡ್ಡವರೂ ಒಂದೇ ಉಸಿರಿಗೆ ಓದಿದ ಕಾಡಿನ ಸಾಹಸಕತೆಗಳ ಹಳೆಯ ಪ್ರತಿಗಳು ಹುಡುಕುವವರಿಗೆ ಈಗಲೂ ದೊರೆಯುತ್ತವೆ. ಅವುಗಳನ್ನು ಸಂಗ್ರಹಿಸುವ ಹವ್ಯಾಸಕ್ಕೆ ಗೋವಾ ತಕ್ಕ ನೆಲವೇ ಆಗಿದೆ.

ಗೋವಾದ ನೆನಪು ತರುವ ಕತೆ

ಕಾಡಿನ ಸಾಹಸಕತೆಗಳೆಂದು ಇಂದು ಗುರುತಿಸುವ ಪ್ರಕಾರಕ್ಕೆ ಜನಪ್ರಿಯತೆಯ ದಾರಿ ತೆರೆದ ಕೃತಿಗಳಲ್ಲಿ ಮುಖ್ಯವಾದುದು ಎಚ್. ರೈಡರ್ ಹ್ಯಾಗರ್ಡ್ ಬರೆದ 'ಕಿಂಗ್ ಸಾಲೊಮನ್ಸ್ ಮೈನ್ಸ್'. 1885ರಲ್ಲಿ ಲಂಡನ್ನಿನ ಕ್ಯಾಸಲ್ ಸಂಸ್ಥೆಯು ಇದನ್ನು ಪ್ರಕಟಿಸಿತು. ಆಫ್ರಿಕದ ಒಳನಾಡಿನಲ್ಲಿ ಅಡಗಿರುವ ವಜ್ರದ ಗಣಿಯನ್ನು ಅರಸಿ ಹೊರಟವರ ಕತೆಯಿದು. ಅವರಿಗೆ ದಾರಿ ತೋರಿಸುವುದು 1590ರಲ್ಲಿ ಜೋಸ್ ದ ಸಿಲ್ವೆಸ್ಟ್ರಾ ಎಂಬ ಪೋರ್ಚುಗೀಸನು ಸಾಯುವ ಗಳಿಗೆಯಲ್ಲಿ, ಶಾಯಿಯಿಲ್ಲದೆ ತನ್ನ ರಕ್ತದಿಂದಲೇ ಬಟ್ಟೆಯ ತುಂಡಿನ ಮೇಲೆ ಬರೆದಿಟ್ಟ ನಕಾಶೆ. ಪಾತ್ರವೂ ನಕಾಶೆಯೂ ಕಲ್ಪನೆಯವು. ಆದರೆ ಆತನು ಹೊರಟ ಪೂರ್ವ ಆಫ್ರಿಕದ ಕರಾವಳಿ ನಿಜವಾದುದು. ಅಲ್ಲಿ ಪೋರ್ಚುಗೀಸರ ವಶದಲ್ಲಿದ್ದ ಮೊಜಾಂಬಿಕ್ ಪ್ರದೇಶದ ಆಡಳಿತವು 1752ರವರೆಗೆ ಗೋವಾದಿಂದಲೇ ನಡೆಯುತ್ತಿತ್ತು. ಹೀಗಾಗಿ ಆ ಕಾಲದಲ್ಲಿ ಅಲ್ಲಿಂದ ಹೊರಡುವ ವರದಿಗಳೂ ಪತ್ರಗಳೂ ಬಂದು ಸೇರಬೇಕಾದ ರಾಜಧಾನಿ ಮಾಂಡವಿ ನದಿಯ ದಡದ ಈ ಗೋವಾವೇ ಆಗಿತ್ತು.

ಆ ಕಾದಂಬರಿಯು ಪೋರ್ಚುಗೀಸ್ ಭಾಷೆಗೆ ಬಂದುದು ಆ ಭಾಷೆಯ ಮಹಾ ಕಾದಂಬರಿಕಾರ ಎಸ ದ ಕೈರೋಸನ ಹೆಸರಿನಲ್ಲಿ. 1891ರಲ್ಲಿ ಪುಸ್ತಕವಾಗಿ ಪ್ರಕಟವಾದ ಆ ಅನುವಾದದಲ್ಲಿ ಮೂಲದ ಪದಗಳನ್ನು ಹಾಗೆಹಾಗೆಯೇ ಇಳಿಸಿಲ್ಲ. ಅನೇಕ ಕಡೆ ತಿದ್ದಿ, ಪೋರ್ಚುಗೀಸ್ ಓದುಗರ ಮನಸ್ಸಿಗೆ ಒಗ್ಗುವಂತೆ ಹೊಸದಾಗಿ ಬರೆಯಲಾಗಿದೆ. ಆದುದರಿಂದ ಸಂಗ್ರಾಹಕರು ಅದನ್ನು ಅನುವಾದವೆಂದು ಬದಿಗಿಡದೆ ಸ್ವತಂತ್ರ ಕೃತಿಯಷ್ಟೇ ಆಸೆಯಿಂದ ಅರಸುತ್ತಾರೆ.

ಪೋರ್ಚುಗೀಸ್ ಮನೆಗಳಲ್ಲಿ ಹುಡುಗರ ಕೈಯಲ್ಲಿ ಹರಿದುಹೋಗುವಷ್ಟು ಓದಲ್ಪಟ್ಟ ಇನ್ನೊಬ್ಬ ಲೇಖಕ ಇಟಲಿಯ ಎಮಿಲಿಯೊ ಸಲ್ಗಾರಿ (1862–1911). ಬಂಗಾಳದ ಸುಂದರಬನವನ್ನು ಕತೆಯ ರಂಗವಾಗಿ ಮಾಡಿಕೊಂಡ ಆತನ ಕಾದಂಬರಿ 1895ರಲ್ಲಿ ಬಂದಿತು. ಆತನ ಪ್ರಸಿದ್ಧ ನಾಯಕ ಸಂದೋಕಾನನ ಜೀವದ ಗೆಳೆಯ ಯಾನೆಜ್ ಒಬ್ಬ ಪೋರ್ಚುಗೀಸ. ಲಿಸ್ಬನ್ನಿನ ರೊಮಾನೊ ತೋರೆಸ್ ಪ್ರಕಾಶನವು ಆತನ ಕತೆಗಳನ್ನು ಅಗ್ಗದ ಮಾಲಿಕೆಯಾಗಿ ಹೊರತಂದಿತು. ಸುಂದರಬನದ ಕೆಸರನ್ನೂ ಹುಲಿಯನ್ನೂ ಅಷ್ಟು ವಿವರವಾಗಿ ಬಣ್ಣಿಸಿದ ಸಲ್ಗಾರಿಯು ಭಾರತಕ್ಕೆ ಒಮ್ಮೆಯೂ ಬಂದವನಲ್ಲ.

ಹೊಸ ಪ್ರತಿಯಿರುವಾಗ ಹಳೆಯದೇಕೆ?

ಅಂಗಡಿಯಲ್ಲಿ ಹೊಳೆಯುವ ಹೊಸ ಮುದ್ರಣ ದೊರೆಯುವಾಗ ಮಾಸಿದ ಹಳೆಯ ಪ್ರತಿಗಾಗಿ ಅಲೆಯುವುದೇಕೆ ಎಂದು ಮಕ್ಕಳು ಕೇಳುವುದು ನ್ಯಾಯವಾಗಿಯೇ ಇದೆ. ಅದಕ್ಕೆ ಟಾರ್ಜನ್ನನ ಉದಾಹರಣೆಯೊಂದೇ ಸಾಕು. ಎಡ್ಗರ್ ರೈಸ್ ಬರೋಸನ ಆ ಕತೆಯು ಮೊದಲು ಪ್ರಕಟವಾದುದು 1912ರಲ್ಲಿ, ಅಮೆರಿಕದ ಒಂದು ಅಗ್ಗದ ಮಾಸಪತ್ರಿಕೆಯಲ್ಲಿ. ಅದರಲ್ಲಿ ಆಫ್ರಿಕದ ಕಾಡಿನ ನಡುವೆ ಹುಲಿಯೊಂದು ಓಡಾಡುತ್ತದೆ. ಆಫ್ರಿಕದಲ್ಲಿ ಹುಲಿಗಳಿಲ್ಲ. ಓದುಗರು ಇದನ್ನು ಎತ್ತಿ ತೋರಿಸಿದರು. 1914ರಲ್ಲಿ ಕತೆಯು ಪುಸ್ತಕವಾಗಿ ಬರುವ ಹೊತ್ತಿಗೆ ಆ ಹುಲಿಯು ಸಿಂಹಿಣಿಯಾಗಿ ಮಾರ್ಪಟ್ಟಿತ್ತು. ಇಂದಿನ ಮುದ್ರಣವನ್ನಷ್ಟೇ ಓದಿದವರಿಗೆ ಲೇಖಕನ ತಪ್ಪೂ ತಿಳಿಯದು, ಓದುಗರ ಎಚ್ಚರವೂ ತಿಳಿಯದು. ಪುಸ್ತಕವೊಂದು ಹೇಗೆ ಬೆಳೆಯಿತು, ಯಾರ ಮಾತಿಗೆ ಬಾಗಿತು ಎಂಬುದಕ್ಕೆ ಹಳೆಯ ಪ್ರತಿಗಳೇ ಸಾಕ್ಷಿ. ಸಾಕ್ಷ್ಯ ಅಳಿದರೆ ಸತ್ಯವನ್ನು ಸಾಬೀತುಪಡಿಸುವ ದಾರಿ ಮುಚ್ಚುತ್ತದೆ. ಇದು ನ್ಯಾಯಾಲಯಕ್ಕೆ ಹೇಗೋ ಸಾಹಿತ್ಯಕ್ಕೂ ಹಾಗೆಯೇ.

ಕಿಪ್ಲಿಂಗನ 'ಜಂಗಲ್ ಬುಕ್' 1894ರಲ್ಲಿ ಲಂಡನ್ನಿನ ಮ್ಯಾಕ್ಮಿಲನ್ ಸಂಸ್ಥೆಯಿಂದ ಹೊರಬಂದಾಗ ಅದರ ಚಿತ್ರಕಾರರಲ್ಲಿ ಒಬ್ಬನು ಆತನ ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪಾಠ ಹೇಳಿದ್ದ ಆತನಿಗೆ ಈ ದೇಶದ ಪ್ರಾಣಿಗಳೂ ಜನರೂ ಕಣ್ಣಾರೆ ಪರಿಚಿತರಾಗಿದ್ದರು. ಮಗನ ಕತೆ, ತಂದೆಯ ಚಿತ್ರ ಎರಡೂ ಒಂದೇ ರಟ್ಟಿನೊಳಗಿರುವ ಪ್ರತಿಯನ್ನು ನೋಡಿದವರಿಗೆ, ಚಲನಚಿತ್ರದ ಬೊಂಬೆಗಳನ್ನು ಅಂಟಿಸಿಕೊಂಡ ಇಂದಿನ ಮುದ್ರಣಗಳು ಸಪ್ಪೆಯಾಗಿ ಕಾಣುವುದು ಸಹಜ. ಹ್ಯಾಗರ್ಡನ ಕಾದಂಬರಿಯ ಮೊದಲ ಮುದ್ರಣದಲ್ಲಿಯೂ ಸಿಲ್ವೆಸ್ಟ್ರಾನ ನಕಾಶೆಯನ್ನು ಬಣ್ಣದಲ್ಲಿ ಅಚ್ಚು ಮಾಡಿ, ಮಡಚಿ ಪುಸ್ತಕದ ಆರಂಭದಲ್ಲಿ ಸೇರಿಸಿದ್ದರು. ಓದುಗನು ಅದನ್ನು ಬಿಡಿಸಿ ನೋಡುವಾಗ ತಾನೂ ಆ ಪ್ರಯಾಣದಲ್ಲಿ ಪಾಲುದಾರನಾಗುತ್ತಿದ್ದನು.

ಹುಡುಕಾಟದ ಹಾದಿ

ಗ್ರಂಥಾಲಯದಿಂದ ಓರೆಂ ತೊರೆಯ ಕಿರುಸೇತುವೆಯನ್ನು ದಾಟಿದರೆ ಫೊಂಟೈನ್ಯಾಸ್ ಬೀದಿಗಳು ಆರಂಭವಾಗುತ್ತವೆ. ಹಳದಿ, ನೀಲಿ, ಕೆಂಪು ಬಣ್ಣದ ಗೋಡೆಗಳು, ಕಿರಿದಾದ ಮೊಗಸಾಲೆಗಳು, ಹಂಚಿನ ಮಾಡುಗಳು. ಇಂತಹ ಹಳೆಯ ಮನೆಗಳಲ್ಲಿಯೂ, ಮಡಗಾಂವದ ಸುತ್ತಮುತ್ತಲಿನ ದೊಡ್ಡ ಮನೆಗಳಲ್ಲಿಯೂ ಒಂದು ಕಾಲದಲ್ಲಿ ಪೋರ್ಚುಗೀಸ್ ಪುಸ್ತಕಗಳ ಕಪಾಟುಗಳಿದ್ದವು. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಂಡ ತರುವಾಯ ಶಾಲೆಗಳ ಭಾಷೆ ಬದಲಾಯಿತು. ಅಜ್ಜ ಓದಿದ ಪುಸ್ತಕವನ್ನು ಮೊಮ್ಮಗನು ಓದಲಾರದವನಾದನು. ಓದಲಾಗದ ಪುಸ್ತಕಕ್ಕೆ ಮನೆಯಲ್ಲಿ ಜಾಗ ಕಿರಿದಾಗುತ್ತದೆ. ಮನೆ ಮಾರುವಾಗ, ಮಾಡು ರಿಪೇರಿ ಮಾಡುವಾಗ ಮೊದಲು ಹೊರಬೀಳುವುದು ಅದೇ. ಹೀಗೆ ಹೊರಬಿದ್ದವುಗಳಲ್ಲಿ ಕೆಲವು ಗ್ರಂಥಾಲಯ ಸೇರುತ್ತವೆ, ಕೆಲವು ಹಳೆಯ ಸಾಮಾನಿನ ಅಂಗಡಿಗೆ ಹೋಗುತ್ತವೆ, ಉಳಿದವು ತೂಕದ ಲೆಕ್ಕದಲ್ಲಿ ರದ್ದಿಗೆ ಬೀಳುತ್ತವೆ.

ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಚೌರೀಸ್, ಒಣಮೀನು, ಮಣ್ಣಿನ ಮಡಕೆ, ಹಿತ್ತಲಿನ ತರಕಾರಿಗಳ ನಡುವೆ ಹಳೆಯ ಸಾಮಾನುಗಳೂ ಮಾರಾಟಕ್ಕೆ ಬರುತ್ತವೆ. ಪ್ರವಾಸಿಗರ ಕಾಲದಲ್ಲಿ ಅಂಜುಣಾದಲ್ಲಿ ಬುಧವಾರದ ಸಂತೆ ಸೇರುತ್ತದೆ. ಕಡಲತೀರದ ಊರುಗಳಲ್ಲಿ ವಿದೇಶೀಯರು ಓದಿ ಬಿಟ್ಟುಹೋದ ಪುಸ್ತಕಗಳು ಮತ್ತೆ ಮಾರಾಟವಾಗುತ್ತವೆ. ಇಂತಹ ರಾಶಿಗಳಲ್ಲಿ ಹುಡುಕುವವರಿಗೆ ಹಣಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು. ಹತ್ತು ಸಲ ಬರಿಗೈಯಲ್ಲಿ ಮರಳಿದವರಿಗೆ ಹನ್ನೊಂದನೆಯ ಸಲ ಏನಾದರೂ ಸಿಕ್ಕಬಹುದು.

ಸಿಕ್ಕಿದ ಪ್ರತಿಯನ್ನು ಪರೀಕ್ಷಿಸಲು ಮೊದಲು ನೋಡಬೇಕಾದುದು ಶೀರ್ಷಿಕೆಯ ಪುಟ ಮತ್ತು ಅದರ ಹಿಂಬದಿ. ಪ್ರಕಾಶಕರ ಹೆಸರು, ಊರು, ಮೊದಲ ಮುದ್ರಣದ ವರ್ಷ, ಅನಂತರದ ಮುದ್ರಣಗಳ ಪಟ್ಟಿ ಅಲ್ಲಿರುತ್ತವೆ. ಬಹುಮಂದಿ ಇಲ್ಲಿ ಎಡವುವುದುಂಟು. ಇಂಗ್ಲಿಷ್ ಪುಸ್ತಕವೆಂದ ಮಾತ್ರಕ್ಕೆ ಲಂಡನ್ ಮುದ್ರಣವೇ ಮೊದಲನೆಯದೆಂದು ಭಾವಿಸಬಾರದು. ಜಿಮ್ ಕಾರ್ಬೆಟ್ಟನ 'ಮ್ಯಾನ್ ಈಟರ್ಸ್ ಆಫ್ ಕುಮಾವೂನ್' ಮೊದಲು ಪ್ರಕಟವಾದುದು 1944ರಲ್ಲಿ ಮುಂಬಯಿಯಿಂದ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಭಾರತೀಯ ಶಾಖೆಯ ಮೂಲಕ. ಅದಕ್ಕೂ ಮುನ್ನ, 1935ರಲ್ಲಿ, ಆತನು ನೈನಿತಾಲಿನಲ್ಲಿ ಸ್ವಂತ ಖರ್ಚಿನಿಂದ 'ಜಂಗಲ್ ಸ್ಟೋರೀಸ್' ಎಂಬ ಕಿರುಪುಸ್ತಕದ 100 ಪ್ರತಿಗಳನ್ನು ಅಚ್ಚು ಹಾಕಿಸಿದ್ದನು. ಹೊರಹೊದಿಕೆ ಉಳಿದಿದೆಯೇ, ಚಿತ್ರಗಳೂ ನಕಾಶೆಯೂ ಪೂರ್ಣವಾಗಿವೆಯೇ, ಪುಟಗಳು ಕಳಚಿಲ್ಲವೇ ಎಂಬುದನ್ನು ಆಮೇಲೆ ನೋಡಬೇಕು. ಮೊದಲ ಪುಟದಲ್ಲಿ ಯಾರಾದರೂ ಬರೆದ ಹೆಸರು, ತಾರೀಖು, ಶಾಲೆಯ ಬಹುಮಾನದ ಚೀಟಿ ಇದ್ದರೆ ಅದನ್ನು ಕೊಳೆಯೆಂದು ಉಜ್ಜಿ ತೆಗೆಯಬಾರದು. ಆ ಪ್ರತಿಯು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದಕ್ಕೆ ಅದೇ ದಾಖಲೆ.

ಕಾನೂನಿನ ಮಿತಿಗಳು

ಈ ಹವ್ಯಾಸಕ್ಕೆ ಕಾನೂನಿನ ಎರಡು ಮಿತಿಗಳಿವೆ. ಮೊದಲನೆಯದು ಕೃತಿಸ್ವಾಮ್ಯ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಭಾರತದಲ್ಲಿ ಲೇಖಕನ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1955ರಲ್ಲಿ ತೀರಿಕೊಂಡ ಕಾರ್ಬೆಟ್ಟನ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2015ರ ಅಂತ್ಯಕ್ಕೆ ಮುಗಿದಿದೆ. ಬೆಂಗಳೂರಿನಲ್ಲಿ ನೆಲೆಸಿದ್ದು 1974ರಲ್ಲಿ ತೀರಿಕೊಂಡ ಕೆನೆತ್ ಆಂಡರ್ಸನ್ನನ ಕೃತಿಗಳ ಹಕ್ಕು 2034ರ ಅಂತ್ಯದವರೆಗೆ ಇದೆ. ಅನುವಾದಕ್ಕೆ ಪ್ರತ್ಯೇಕ ಹಕ್ಕುಂಟು. ಹಳೆಯ ಪ್ರತಿಯನ್ನು ಕೊಳ್ಳಲು, ಮಾರಲು, ಗೆಳೆಯನಿಗೆ ಓದಲು ಕೊಡಲು ಅಡ್ಡಿಯಿಲ್ಲ. ಹಕ್ಕು ಉಳಿದಿರುವ ಪುಸ್ತಕವನ್ನು ಪೂರ್ತಿಯಾಗಿ ಚಿತ್ರ ತೆಗೆದು ಮೊಬೈಲಿನಲ್ಲಿ ಹಂಚುವುದಕ್ಕೆ ಅಡ್ಡಿಯಿದೆ.

ಎರಡನೆಯದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ. ಹಳೆಯ ಮನೆಗಳ ಸಾಮಾನಿನಲ್ಲಿ ಬೇಟೆಯ ಪುಸ್ತಕದ ಜೊತೆಗೆ ಹುಲಿಯುಗುರಿನ ಪದಕವೋ ಚಿರತೆಯ ಚರ್ಮವೋ ಕಾಣಬಹುದು. ಪುಸ್ತಕವನ್ನು ಕೊಳ್ಳಬಹುದು, ಉಗುರನ್ನೂ ಚರ್ಮವನ್ನೂ ಕೊಳ್ಳುವಂತಿಲ್ಲ. ಅವುಗಳ ವ್ಯಾಪಾರವು ಶಿಕ್ಷಾರ್ಹ ಅಪರಾಧ.

ಬೇಟೆಯ ಕತೆಗಳನ್ನು ಓದುವ ಕಣ್ಣೂ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಹ್ಯಾಗರ್ಡ್, ಬರೋಸ್ ಮುಂತಾದವರು ಆಫ್ರಿಕದ ಜನರನ್ನು ಬಿಳಿಯರ ಸಾಮ್ರಾಜ್ಯದ ಕಣ್ಣಿನಿಂದಲೇ ಕಂಡವರು. ಆ ಭಾಗಗಳನ್ನು ಓದುವಾಗ ತಾಯ್ತಂದೆಯರು ಮಕ್ಕಳ ಜೊತೆ ಕುಳಿತು ಮಾತನಾಡುವುದು ಲೇಸು. ಕಾರ್ಬೆಟ್ಟನು ವಯಸ್ಸಾದಂತೆ ಬಂದೂಕಿಗಿಂತ ಕ್ಯಾಮೆರಾವನ್ನು ಹೆಚ್ಚು ಮೆಚ್ಚಿದನು. 1936ರಲ್ಲಿ ಸ್ಥಾಪನೆಯಾದ ದೇಶದ ಮೊದಲ ರಾಷ್ಟ್ರೀಯ ಉದ್ಯಾನಕ್ಕೆ ಮುಂದೆ ಆತನ ಹೆಸರನ್ನೇ ಇಡಲಾಯಿತು. ಗೋವಾದ ಮಕ್ಕಳಿಗೆ ಹುಲಿಯೆಂಬುದು ದೂರದ ಕುಮಾವೂನಿನ ಸಂಗತಿಯೂ ಅಲ್ಲ. ವಾಸ್ಕೋದಿಂದ ಹುಬ್ಬಳ್ಳಿಗೆ ಹೋಗುವ ರೈಲು ಕುಳೆಂ ದಾಟಿ, ದೂಧಸಾಗರ ಜಲಪಾತದ ಮುಂದೆ ಹಾಯ್ದು, ಕ್ಯಾಸಲ್‌ರಾಕ್ ಸೇರುವವರೆಗೂ ಇಕ್ಕೆಲದಲ್ಲಿ ಸಹ್ಯಾದ್ರಿಯ ಕಾಡು. ಜಾತ್ರೆಗೋ ಬೇಸಿಗೆಯ ರಜೆಗೋ ಊರಿಗೆ ಹೊರಟ ಕನ್ನಡದ ಮಕ್ಕಳು ಕಿಟಕಿಯಿಂದ ನೋಡುವ ಕಾಡು ಅದೇ. ಆ ಸಾಲಿನ ಉತ್ತರಕ್ಕೆ, ಸತ್ತರಿ ತಾಲ್ಲೂಕಿನ ಮ್ಹಾದೇಯಿ ಅಭಯಾರಣ್ಯದಲ್ಲಿ, 2020ರ ಜನವರಿಯಲ್ಲಿ 4 ಹುಲಿಗಳು ವಿಷಪ್ರಾಶನದಿಂದ ಸತ್ತುಬಿದ್ದಿದ್ದವು. 2023ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠವು ಈ ಪ್ರದೇಶವನ್ನು ಹುಲಿ ಮೀಸಲು ಪ್ರದೇಶವೆಂದು ಘೋಷಿಸಲು ರಾಜ್ಯಕ್ಕೆ ಆದೇಶವಿತ್ತಿತು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಹಳೆಯ ಬೇಟೆಯ ಪುಸ್ತಕವನ್ನು ಈ ತಿಳಿವಳಿಕೆಯೊಂದಿಗೆ ತೆರೆದರೆ, ಒಂದು ಕಾಲದಲ್ಲಿ ಎಷ್ಟು ಹುಲಿಗಳಿದ್ದವು, ಅವನ್ನು ಕೊಲ್ಲುವುದು ಎಷ್ಟು ಸಹಜವೆನಿಸಿತ್ತು ಎಂಬುದಕ್ಕೂ ಅದೇ ಸಾಕ್ಷಿಯಾಗುತ್ತದೆ.

ಕನ್ನಡದ ಟ್ರಂಕುಗಳು

ಆಂಡರ್ಸನ್ನನ ಮೊದಲ ಪುಸ್ತಕವು 1954ರಲ್ಲಿ ಲಂಡನ್ನಿನ ಜಾರ್ಜ್ ಅಲೆನ್ ಅಂಡ್ ಅನ್ವಿನ್ ಸಂಸ್ಥೆಯಿಂದ ಪ್ರಕಟವಾಯಿತು. ಪುಸ್ತಕ ಲಂಡನ್ನಿನದಾದರೂ ಪರಿವಿಡಿಯಲ್ಲಿ ಕಾಣುವ ಹೆಸರುಗಳು ಹೊಸದುರ್ಗ, ಹೊಳಲ್ಕೆರೆ, ಜಾಲಹಳ್ಳಿ, ದೇವರಾಯನದುರ್ಗ. ಆತನ ಕತೆಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಾಗ ಅವು ತವರಿಗೆ ಮರಳಿದಂತಾಯಿತು. 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಎಂಬ ಕಾಡಿನ ಕತೆಗಳ ಸಂಪುಟಗಳೂ, ಕಾರ್ಬೆಟ್ಟನ ಕೃತಿಯ ರೂಪಾಂತರವಾದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ವೂ ಕನ್ನಡದ ಮನೆಮನೆಗಳನ್ನು ತಲುಪಿವೆ. ಇಂಗ್ಲಿಷ್ ಬಾರದ ಕನ್ನಡಿಗನೂ ಹುಲಿಯ ಹೆಜ್ಜೆ ಗುರುತನ್ನು ಕತ್ತಲಲ್ಲಿ ಹಿಂಬಾಲಿಸಿದ್ದು ಈ ಪುಸ್ತಕಗಳ ಮೂಲಕ. ಇವುಗಳಿಗೂ ಮೊದಲು, 1933ರಲ್ಲಿ, ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' ಮಲೆನಾಡಿನ ಬೇಟೆಯನ್ನೂ ಕಾಡನ್ನೂ ಕನ್ನಡದ ಗದ್ಯಕ್ಕೆ ತಂದಿತ್ತು. ಕೆದಂಬಾಡಿ ಜತ್ತಪ್ಪ ರೈಗಳು 'ಬೇಟೆಯ ನೆನಪುಗಳು' ಕೃತಿಯಲ್ಲಿ ದಕ್ಷಿಣ ಕನ್ನಡದ ಕಾಡುಗಳ ಅನುಭವವನ್ನು ದಾಖಲಿಸಿದರು.

ಇವುಗಳ ಸಾಲಿನಲ್ಲಿ ಇಂದ್ರಜಾಲ ಕಾಮಿಕ್ಸನ್ನೂ ಸೇರಿಸಬೇಕು. 1964ರಿಂದ 1990ರವರೆಗೆ ಟೈಮ್ಸ್ ಆಫ್ ಇಂಡಿಯಾ ಸಮೂಹವು ಹೊರತಂದ ಈ ಚಿತ್ರಕತೆಗಳು ಇಂಗ್ಲಿಷಿನಲ್ಲಿಯೂ ಹಲವು ಭಾರತೀಯ ಭಾಷೆಗಳಲ್ಲಿಯೂ ಬಂದವು. ಕನ್ನಡವೂ ಅವುಗಳಲ್ಲಿ ಒಂದು. ತಲೆಬುರುಡೆಯ ಗವಿಯಲ್ಲಿ ವಾಸಿಸುವ ಮುಸುಕಿನ ಫ್ಯಾಂಟಮ್ ಅವುಗಳ ಮುಖ್ಯ ನಾಯಕ. ಲೀ ಫಾಕ್ ಸೃಷ್ಟಿಸಿದ ಮೂಲಕತೆಯ ನಾಡಿನ ಹೆಸರನ್ನು ಭಾರತದ ಓದುಗರಿಗಾಗಿ ಡೆಂಕಾಲಿ ಎಂದು ಬದಲಾಯಿಸಲಾಗಿತ್ತು. ಅಗ್ಗದ ಕಾಗದದ ಮೇಲೆ ಅಚ್ಚಾಗಿ, ರೈಲ್ವೆ ನಿಲ್ದಾಣಗಳಲ್ಲಿ ಮಾರಾಟವಾಗಿ, ಕೈಯಿಂದ ಕೈಗೆ ಸಾಗಿ ಹರಿದುಹೋದ ಪುಸ್ತಕಗಳಿವು. ಗಟ್ಟಿ ರಟ್ಟಿನ ಗ್ರಂಥಗಳಂತೆ ಇವನ್ನು ಯಾರೂ ಕಾಪಿಡಲಿಲ್ಲ. ಆದುದರಿಂದಲೇ ಕನ್ನಡದ ಸಂಚಿಕೆಗಳು ಇಂದು ವಿರಳವಾಗಿವೆ.

ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿಗಳ ಕಡೆಯಿಂದ ದುಡಿಮೆಗಾಗಿ ಬಂದು ವಾಸ್ಕೋ, ಬೈನಾ, ಝುವಾರಿನಗರ, ಮಡಗಾಂವ, ಫೋಂಡಾಗಳಲ್ಲಿ ನೆಲೆಸಿದ ಕುಟುಂಬಗಳು ಕಬ್ಬಿಣದ ಟ್ರಂಕುಗಳಲ್ಲಿ ಬಟ್ಟೆಬರೆಯ ಜೊತೆಗೆ ಒಂದೆರಡು ಪುಸ್ತಕಗಳನ್ನೂ ತಂದಿರುವುದುಂಟು. ತಂದೆಯ ಶಾಲಾ ಬಹುಮಾನ, ಚಿಕ್ಕಪ್ಪ ಕೊಂಡ ತೇಜಸ್ವಿಯವರ ಪುಸ್ತಕ, ರಟ್ಟು ಹೋದ ಫ್ಯಾಂಟಮ್ ಸಂಚಿಕೆ. ಇವು ಲಂಡನ್ನಿನ ಹರಾಜಿನಲ್ಲಿ ಬೆಲೆ ತರುವ ವಸ್ತುಗಳಲ್ಲ. ಆದರೆ ಹ್ಯಾಗರ್ಡನ ಮೊದಲ ಮುದ್ರಣವನ್ನು ಕಾಪಾಡಲು ಜಗತ್ತಿನಲ್ಲಿ ನೂರಾರು ಗ್ರಂಥಾಲಯಗಳಿವೆ, ಧನಿಕರಿದ್ದಾರೆ. ಝುವಾರಿನಗರದ ಟ್ರಂಕಿನಲ್ಲಿರುವ ಕನ್ನಡದ ಹಳೆಯ ಪ್ರತಿಗೆ ಆ ಮನೆಯವರಲ್ಲದೆ ಬೇರೆ ಕಾವಲುಗಾರರಿಲ್ಲ. ಪೋರ್ಚುಗೀಸ್ ಪುಸ್ತಕಗಳಿಗೆ ಹಳೆಯ ಬಂಗಲೆಗಳಲ್ಲಿ ಆದುದು ಕನ್ನಡ ಪುಸ್ತಕಗಳಿಗೆ ಬಾಡಿಗೆಯ ಕೋಣೆಗಳಲ್ಲಿ ಆಗಲು ಹೆಚ್ಚು ಕಾಲ ಬೇಕಿಲ್ಲ. ಮಗುವಿಗೆ ಲಿಪಿ ಬಾರದಿದ್ದರೆ ಪುಸ್ತಕವು ರದ್ದಿಯ ಅಂಗಡಿಯನ್ನು ಸೇರಲು ಒಂದೇ ತಲೆಮಾರು ಸಾಕು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ತಾಯ್ತಂದೆಯರು ಈ ದೃಷ್ಟಿಯಿಂದ ಆ ಪುಸ್ತಕಗಳ ಆಯುಷ್ಯವನ್ನೂ ಹೆಚ್ಚಿಸುತ್ತಿದ್ದಾರೆ.

ಉಳಿಸುವ ಬಗೆ

ಗೋವಾದ ಮಳೆಗಾಲವು ಕಾಗದಕ್ಕೆ ಶತ್ರು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿಯೇ ನೀರಿರುತ್ತದೆ. ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿ ಬಣ್ಣದ ಸಣ್ಣ ಹುಳುಗಳು ಅಂಟನ್ನೂ ಕಾಗದವನ್ನೂ ತಿನ್ನುತ್ತವೆ, ನೆಲಕ್ಕೆ ತಾಗಿದ ಪೆಟ್ಟಿಗೆಗೆ ಗೆದ್ದಲು ಹತ್ತುತ್ತದೆ. ಪುಸ್ತಕಗಳನ್ನು ಹೊರಗೋಡೆಗೆ ಒತ್ತಿ ಇಡಬಾರದು, ನೆಲದಿಂದ ಒಂದು ಗೇಣಾದರೂ ಎತ್ತರದಲ್ಲಿಡಬೇಕು. ತೇವವಿರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಹೊರಬಾರದೆ ಬೂಷ್ಟು ಹೆಚ್ಚುತ್ತದೆ. ಮಳೆ ನಿಂತ ಮೇಲೆ ಒಂದೊಂದನ್ನೇ ಹೊರತೆಗೆದು, ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ಪುಟಗಳನ್ನು ಬಿಡಿಸಿ, ನೆರಳಿನಲ್ಲಿ ಗಾಳಿಗೆ ಇಡಬೇಕು. ಉರಿಬಿಸಿಲಿಗೆ ಹಾಕಿದರೆ ಕಾಗದ ಹಳದಿಗಟ್ಟಿ ಮುರಿಯುತ್ತದೆ. ಹರಿದ ಪುಟಕ್ಕೆ ಸೆಲೋಟೇಪ್ ಅಂಟಿಸುವುದು ಹರಿದುದಕ್ಕಿಂತ ಹೆಚ್ಚಿನ ಕೇಡು. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗಿ ಅಕ್ಷರಗಳನ್ನು ನುಂಗುತ್ತದೆ.

ಶಾಲೆಯೂ ಇದರಲ್ಲಿ ಕೈಜೋಡಿಸಬಹುದು. ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಜವಾಬ್ದಾರಿ ಹೊರುವ ಒಬ್ಬ ಶಿಕ್ಷಕರು ಇದ್ದರೆ ಸಾಕು. ಮನೆಯವರು ಪುಸ್ತಕವನ್ನು ಕೊಟ್ಟುಬಿಡಬೇಕೆಂದೇನೂ ಇಲ್ಲ. ಯಾರ ಮನೆಯಲ್ಲಿ ಯಾವ ಪ್ರತಿಯಿದೆ ಎಂಬ ಪಟ್ಟಿಯೊಂದು ಸಿದ್ಧವಾದರೂ ದೊಡ್ಡ ಕೆಲಸವೇ.

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆಂದು ಪುಸ್ತಕಗಳನ್ನು ಜೋಡಿಸಿಡುವ ಪದ್ಧತಿ ಕನ್ನಡದ ಮನೆಗಳಲ್ಲಿದೆ. ಗೋವಾದ ಮಳೆಯು ಹಿಂದೆ ಸರಿಯುವ ಕಾಲವೂ ಅದೇ. ಆ ದಿನ ಪಾಠಪುಸ್ತಕಗಳ ಜೊತೆಗೆ ಟ್ರಂಕಿನ ತಳದಲ್ಲಿರುವ ಹಳೆಯ ಪ್ರತಿಗಳನ್ನೂ ಹೊರಗೆ ತೆಗೆಯಬಹುದು. ಪೂಜೆಯ ಮರುದಿನ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು, ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಅದನ್ನು ಮೊದಲು ಕೊಂಡವರು ಯಾರು, ಯಾವ ಊರಿನಿಂದ ಬಂದಿತು, ಗೋವಾಕ್ಕೆ ತಂದ ವರ್ಷ ಯಾವುದು ಎಂಬ ಮೂರು ಸಾಲುಗಳನ್ನು ಕನ್ನಡದಲ್ಲಿ ಬರೆಯಿಸಬೇಕು. ಆಮೇಲೆ ಅದರಲ್ಲಿನ ಒಂದು ಕತೆಯನ್ನು ಆ ಮಗುವಿನ ಬಾಯಲ್ಲಿಯೇ ಎಲ್ಲರೂ ಕೇಳಬೇಕು.